ಬಾಗಿಲ ಹಿಂದಿನ ದರಪಟ್ಟಿ

ನನ್ನ ಮೊಮ್ಮಗಳು ಮನೆಗೆ ಬಂದಳು! ಮಗಳ ಚೊಚ್ಚಲ ಕೂಸು, ತಲೆ ತುಂಬಾ ಕೂದಲು. ಬೆಳಿಗ್ಗೆ ಮಾತ್ರ ನನ್ನ ಜೀವ ಬಾಯಿಗೆ ಬಂದಿತ್ತು.

ನರ್ಸಿಂಗ್ ಹೋಮಿನಲ್ಲಿ ಹೇಳಿದಷ್ಟು ಕಟ್ಟಿ ಹೊರಟಿದ್ದೆವು. ಕೌಂಟರಿನವನು ತಡೆದ.

"ಮಗು ನೋಡ್ಕೊಂಡಿದ್ದಕ್ಕೆ ಬೇರೆ ಚಾರ್ಜ್ ಐತೆ ಕಣಜ್ಜಿ. ಕಟ್ಟಿದ್ರೇನೇ ಬಿಡೋದು."

ಹುಟ್ಟುವ ಮೊದಲು ನಮ್ಮಲ್ಲಿ ಕೂಸಿನ ಹೆಸರಲ್ಲಿ ಒಂದು ಕುಲಾವಿಯನ್ನೂ ಕೊಳ್ಳುವುದಿಲ್ಲ, ಬೆಲೆಯ ಮಾತೆತ್ತುವುದಿಲ್ಲ. ಹಾಗಾಗಿ ಹೆರಿಗೆ ಖರ್ಚನ್ನಷ್ಟೇ ಕೇಳಿದ್ದೆವು. ಅವರೂ ಬಾಯಿ ಬಿಟ್ಟಿರಲಿಲ್ಲ. ಅಳಿಯನ ಜೇಬು ಖಾಲಿಯಾಗಿತ್ತು. ಕೂಸು ಅಳತೊಡಗಿತು. ಇಲ್ಲೇ ಉಳಿಸಿಕೊಂಡುಬಿಟ್ಟರೆ ಎಂದು ಅದನ್ನು ಎದೆಗೆ ಅವಚಿಕೊಂಡೆ.

ಮಗಳು ಅಲುಗಲಿಲ್ಲ. "ಎಲ್ಲಾ ಖರ್ಚೂ ಮೊದ್ಲೇ ಕಾಣೋ ಹಂಗೆ ಹಾಕ್ಬೇಕು ಅಂತ ಕಾನೂನೈತೆ. ನಿಮ್ ಬೋರ್ಡ್ ಎಲ್ಲೈತೆ ತೋರ್ಸಣ್ಣ."

ಅವನ ಕಣ್ಣು ಬಾಗಿಲ ಕಡೆ ಹೊರಳಿತು. ಗೋಡೆಗೆ ಒರಗಿದ್ದ ಬಾಗಿಲನ್ನು ಅವಳೇ ಎಳೆದಳು. ಹಿಂದೆ ದರಪಟ್ಟಿ ತೂಗುತ್ತಿತ್ತು. ಮೇಲಿಂದ ಕೆಳಗೆ ಬೆರಳಿಟ್ಟು ಓದಿದಳು. ಅವನು ಕೇಳಿದ ಚಾರ್ಜ್ ಅದರಲ್ಲಿ ಇರಲೇ ಇಲ್ಲ.

"ಇಲ್ದಿರೋದ್ನ ಹೆಂಗೆ ಕೇಳ್ತೀಯ? ಡಾಕ್ಟ್ರನ್ನ ಕರಿ."

ಕಾದು ಕುಳಿತವರೆಲ್ಲ ಎದ್ದು ಬೋರ್ಡು ನೋಡತೊಡಗಿದರು. ಅವನು ಡಿಸ್ಚಾರ್ಜ್ ಚೀಟಿ ಕೊಟ್ಟ.

ಸಂಜೆ ಪಾಳ್ಯದ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಬಾಣಂತಿಗೆ ಮೆಣಸಿನ ಸಾರು, ನಮಗೆ ಕಡುಬು, ಕೋಳಿಸಾರು.

"ಅತ್ತೆ, ಎರಡ್ನೇ ಕಡುಬಿಗೆ ಬೇರೆ ಚಾರ್ಜಾ? ಮೊದ್ಲೇ ಹೇಳ್ಬುಡಿ," ಎಂದ ಅಳಿಯ.

ಮಡಿಲಲ್ಲಿ ಕೂಸು ಮಲಗಿತ್ತು. ನಾನು ನಗುತ್ತಲೇ ಅವನ ಎಲೆಗೆ ಇನ್ನೆರಡು ಹಾಕಿದೆ.