ಸುಡದ ಕೆಂಡ

ಸಾಂಬ್ರಾಣಿ ಹತ್ತಿರದ ಸಿದ್ದಿಯರ ಆ ಕೇರಿಯಲ್ಲಿ ಮೊಹರಂ ಕೆಂಡವನ್ನು ಎಲ್ಲರಿಗಿಂತ ಮೊದಲು ಹಾಯುತ್ತಿದ್ದವನು ಇಮಾಮಸಾಬ. ಒಂದೆರಡಲ್ಲ, ಮೂವತ್ತೊಂದು ವರ್ಷ. ಮೊದಲು ಹಾಯುವವನು ಓಡಬಾರದು, ಮುಖ ಕಿವುಚಬಾರದು. ಅವನ ಹಿಂದೆ ಹಿಂದೂ, ಮುಸ್ಲಿಂ ಎನ್ನದೆ ಹರಕೆ ಹೊತ್ತವರೆಲ್ಲ ಹಾಯುತ್ತಾರೆ. ವರ್ಷವಿಡೀ ಕಂಡವರ ಕಬ್ಬಿನ ಗದ್ದೆಯಲ್ಲಿ ಬೈಸಿಕೊಳ್ಳುವ ಮನುಷ್ಯನಿಗೆ ಸಿಗುತ್ತಿದ್ದ ಮರ್ಯಾದೆ ಅದೊಂದೇ. ಹಾಯ್ದ ಮೇಲೆ ಮನೆಗೆ ಬಂದು, ಬಾಗಿಲು ಹಾಕಿಕೊಂಡು ಅವನು ಉರಿ ತಾಳದೆ ಅಳುತ್ತಿದ್ದುದು ಹೆಂಡತಿ ಅಮೀನಾಳಿಗೆ ಮಾತ್ರ ಗೊತ್ತು. ಎಂಟು ದಿನ ಅವನ ಅಂಗಾಲಿಗೆ ಲೋಳೆಸರ ಹಚ್ಚುವುದು ಅವಳ ಕೆಲಸವಾಗಿತ್ತು.

ಅರವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು. ಆಶಾ ಕಾರ್ಯಕರ್ತೆ ಶೈಲಾ ಗುಳಿಗೆ ತಂದುಕೊಟ್ಟಳು. ತಲೆ ತಿರುಗಿದ ದಿನ ಎರಡು ನುಂಗಿ, ತಿರುಗದ ದಿನ ಡಬ್ಬಿಯಲ್ಲೇ ಬಿಟ್ಟು, ಇಮಾಮಸಾಬ ತನ್ನ ಡಾಕ್ಟರು ತಾನೇ ಆದ. ಹೋದ ವರ್ಷ ಮೊಹರಂಗೆ ಮುಂಚೆ ಕಳೆ ತೆಗೆಯಲು ಹೋದವನು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ. ಇನ್ನೊಂದು ಕಾಲಿನದು ಎಲ್ಲಿ ಕಳಚಿತೋ ಅವನಿಗೇ ತಿಳಿದಿರಲಿಲ್ಲ. ಅಮೀನಾ ನಕ್ಕಳು. ಶೈಲಾ ನಗಲಿಲ್ಲ, ಅವನ ಅಂಗಾಲಿಗೆ ಕಡ್ಡಿ ಚುಚ್ಚಿ ನೋಡಿದಳು.

"ಕಾಕಾ, ಸಕ್ಕರಿ ರೋಗಕ್ಕ ನಿಮ್ಮ ಕಾಲು ಸತ್ತಾವ್ರಿ. ಸುಟ್ರೂ ಗೊತ್ತಾಗಂಗಿಲ್ಲ. ಈ ವರ್ಷ ಕೆಂಡ ಬ್ಯಾಡ್ರಿ."

"ನಾ ಬಿಟ್ರ ಬಾಜೂ ಮನಿ ಅಂಕುಶ ಇಳಿತಾನವಾ. ಹತ್ತು ವರ್ಷದಿಂದ ಬಾಯಿ ತಗದು ಕುಂತಾನ."

ಹಾಯ್ದ. ಕೆಂಡ ಸುಡಲಿಲ್ಲ! ಇಮಾಮಸಾಬ ಕೆಂಡದ ಕುಣಿಯ ನಡುವೆ ನಿಂತೇಬಿಟ್ಟ. ಇಷ್ಟು ವರ್ಷ ಮುಚ್ಚಿಟ್ಟ ಅಳುವನ್ನು ಪೀರರು ಕೊನೆಗೂ ಕೇಳಿಸಿಕೊಂಡರೆಂದು ಅವನ ಎದೆ ತುಂಬಿತು. ಶೈಲಾಳ ಮಾತು ನೆನಪಾಗಲಿಲ್ಲವೆಂದಲ್ಲ. ಊರೇ ಕಾಲಿಗೆ ಬೀಳುತ್ತಿರುವಾಗ ಆ ಮಾತು ಯಾರಿಗೆ ಬೇಕು? ಮಾಲವ್ವ ಎಂಬ ಮುದುಕಿಯಂತೂ ಅವನ ಪಾದದ ಬೂದಿ ತೆಗೆದು ಮೊಮ್ಮಗಳ ಹಣೆಗೆ ಹಚ್ಚಿದಳು.

ಮನೆಯಲ್ಲಿ ಅಮೀನಾ ಲೋಳೆಸರ ಸುಲಿದಿಟ್ಟಿದ್ದಳು.

"ಪೀರರು ಕಾಯ್ದ ಕಾಲಿಗೆ ಔಷಧ ಹಚ್ಚತೀ? ನಂಬಿಕಿ ಇಲ್ಲೇನ ನಿನಗ?" ಎಂದು ಗದರಿ ಅವನು ಕಾಲನ್ನು ಲುಂಗಿಯೊಳಗೆ ಎಳೆದುಕೊಂಡ.

ಅವಳು ಲೋಳೆಸರವನ್ನು ಹಿತ್ತಲಿಗೆ ಎಸೆದು ಬಂದಳು. ಗಂಡ ಅಳದೆ ಮಲಗಿದ ಮೊದಲ ಮೊಹರಂ ಅದು, ಅವಳಿಗೆ ಖುಷಿಯೇ ಆಗಿತ್ತು.

ಒಂಬತ್ತನೆಯ ದಿನ ಮನೆ ನಾರತೊಡಗಿತು. ಇಲಿ ಸತ್ತಿರಬೇಕೆಂದು ಅಮೀನಾ ಅಟ್ಟವನ್ನೆಲ್ಲ ಹುಡುಕಿದಳು. ಕೊನೆಗೆ ಗಂಡನ ಲುಂಗಿ ಸರಿಸಿದಳು. ಹುಬ್ಬಳ್ಳಿಯ ಡಾಕ್ಟರು ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ಕಳಿಸಿದರು. ಕಾಲಿಗೆ ಬಿದ್ದಿದ್ದ ಜನರೇ "ಮೈಲಿಗ್ಯಾಗ ಹಾಯ್ದಾನ, ಪೀರರು ಬಿಡ್ತಾರೇನು?" ಎಂದರು. ಮಾಲವ್ವ ಮೊಮ್ಮಗಳ ಹಣೆಯನ್ನು ಸೀಗೆಪುಡಿ ಹಾಕಿ ಉಜ್ಜಿದಳು. ಅದೂ ಮೂರು ದಿನ, ಕೇರಿಗೆಲ್ಲ ಕಾಣುವಂತೆ ಬಾಗಿಲಲ್ಲೇ ಕೂತು. ಎಂಥಾ ಜನ!

ಈ ವರ್ಷ ಮೊದಲು ಇಳಿದವನು ಅಂಕುಶ. ಕುಣಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇಮಾಮಸಾಬ, ಹಿಂದೆ ಅಮೀನಾ. ಅಂಕುಶ ಮೂರು ಹೆಜ್ಜೆ ಇಟ್ಟು, "ಯವ್ವಾ!" ಎಂದು ಚೀರಿ, ಕೆಂಡ ಸಿಡಿಸುತ್ತ ಓಡಿಬಂದು ಕುರ್ಚಿಯ ಬಳಿ ಕುಸಿದ. ಜನ ಬಿದ್ದು ಬಿದ್ದು ನಕ್ಕರು.

"ಸುಟ್ಟತೇನೋ?" ಇಮಾಮಸಾಬ ಕೇಳಿದ.

"ಜೀವಾ ಹೋದಂಗ ಆತು ಕಾಕಾ."

ಇಮಾಮಸಾಬನಿಗೆ ಹೊಟ್ಟೆಕಿಚ್ಚಾಯಿತು. ಬೊಬ್ಬೆ ಏಳುತ್ತಿದ್ದ ಆ ಅಂಗಾಲುಗಳನ್ನೇ ಆಸೆಯಿಂದ ನೋಡುತ್ತ, "ಪುಣ್ಯವಂತ ಅದಿ" ಎಂದ.

ಅಷ್ಟರಲ್ಲಿ ಅಮೀನಾಳ ಮೂಗಿಗೆ ಚರ್ಮ ಸುಟ್ಟ ವಾಸನೆ ಬಡಿಯಿತು. ಈ ಸಲ ಅವಳು ಇಲಿ ಹುಡುಕಲಿಲ್ಲ. ಗಂಡನ ಉಳಿದ ಒಂದೇ ಕಾಲಿನ ಬೆರಳ ಸಂದಿಯಲ್ಲಿ ಸಿಡಿದ ಕೆಂಡವೊಂದು ಕೂತಿತ್ತು. ಬಗ್ಗಿ ಬರಿಗೈಯಿಂದಲೇ ಕಿತ್ತೆಸೆದಳು. ಕೈ ಸುಟ್ಟು ಚೀರಿದಳು.

ಇಮಾಮಸಾಬ ತಿರುಗಿ ನೋಡಿ, "ಯಾಕ, ಏನಾತು?" ಎಂದು ಕೇಳಿದ.