ಸತ್ತ ಫ್ರಿಜ್ಜಿಗೂ ಹಸಿರು ದೀಪ

ಒಂದು ಚೀಲ ರಕ್ತಕ್ಕೆ ಏನೇನು ಬೀಳುತ್ತದೆ? ಕೊಟ್ಟವರ ಅರ್ಧ ದಿನದ ಕೆಲಸ, ನಾಲ್ಕಾರು ಪರೀಕ್ಷೆ, ಆಮೇಲೆ ಹಗಲೂ ರಾತ್ರಿ ಕರೆಂಟು. ಕೆಡಿಸಲು ಒಂದು ಸಡಿಲ ಪ್ಲಗ್ ಸಾಕು.

ಬೆಳಕು ಹರಿಯುವ ಮೊದಲೇ ಹೆಬ್ಬಾಳದಿಂದ ಬಸ್ಸಿನಲ್ಲಿ ಬಂದ ಮಲ್ಕಾ, ಯಲಹಂಕದ ನರ್ಸಿಂಗ್ ಹೋಮಿನ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಇಲ್ಲಿನ ವೈರು, ಪ್ರಿಂಟರ್, ನೆಟ್‌ವರ್ಕ್ ಎಲ್ಲ ಅವರ ಪಾಲಿನದು. ರಕ್ತದ ಫ್ರಿಜ್ಜು ಕಾಯಲು ಅವರೇ ಒಂದು ಪ್ರೋಗ್ರಾಂ ಬರೆದಿದ್ದಾರೆ. ಪ್ರತಿ ಫ್ರಿಜ್ಜಿನ ಪ್ಲಗ್ಗಿಗೇ ಒಂದು ಪುಟ್ಟ ಪೆಟ್ಟಿಗೆ ತಗುಲಿಸಿದೆ. ಪ್ರೋಗ್ರಾಂ ಅದನ್ನು ನೆಟ್‌ವರ್ಕಿನಲ್ಲಿ ಕೂಗುತ್ತದೆ. ಪೆಟ್ಟಿಗೆ ಓಗೊಟ್ಟರೆ ಹಸಿರು, ಸುಮ್ಮನಿದ್ದರೆ ಕೆಂಪು.

ಇವತ್ತು ಮೂರು ಫ್ರಿಜ್ಜೂ ಹಸಿರು. ಮೂರನೆಯದರಲ್ಲಿ, ಹತ್ತು ಗಂಟೆಗೆ ಸಿಸೇರಿಯನ್ ಆಗಬೇಕಾದ ಶಿಲ್ಪಳಿಗೆಂದು ಇಟ್ಟ ಓ ನೆಗೆಟಿವ್ ರಕ್ತವಿದೆ. ಸುಲಭಕ್ಕೆ ಸಿಗುವ ಗುಂಪಲ್ಲ.

ಫ್ರಿಜ್ಜುಗಳ ಕೋಣೆಯಿಂದ ಆಯಾ ಗೋಪಾಲಮ್ಮ ಕೂಗುತ್ತಾರೆ: “ಏ ಮಲ್ಕಾ, ನಿನ್ ಕಂಪ್ಯೂಟ್ರು ಅಸಿರು ತೋರಿಸ್ತೈತೆ, ಇಲ್ ನೋಡಿದ್ರೆ ನೀರು ಅರೀತೈತೆ!”

ಓಡಿಹೋಗಿ ಮೂರನೆಯ ಫ್ರಿಜ್ಜಿನ ಬಾಗಿಲು ತೆಗೆದರೆ ಚೀಲಗಳು ಬೆಚ್ಚಗಿವೆ. ಪ್ಲಗ್ ಜಾರಿದೆ, ಪೆಟ್ಟಿಗೆಯೂ ಸತ್ತಿದೆ. ಹಾಗಾದರೆ ಆ ಹಸಿರು ಎಲ್ಲಿಂದ ಬಂತು?

ನಿನ್ನೆ ಸಂಜೆ ಮಲ್ಕಾ ಕಂಪ್ಯೂಟರಿನ ಹಳೆಯ ವಿಂಡೋಸ್ ತೆಗೆದು ಹೊಸದು ಹಾಕಿದ್ದರು. ನೆಟ್‌ವರ್ಕಿನ ತಳಕ್ಕೆ ಕೈಹಾಕಿ ಇಂಥ ಕೂಗು ಕಳಿಸಲು ಅದರಲ್ಲಿ ಅಡ್ಮಿನ್, ಅಂದರೆ ಕಂಪ್ಯೂಟರಿನ ಯಜಮಾನನ, ಅನುಮತಿ ಬೇಕು. ರಾತ್ರಿಯಿಡೀ ಅದು ‘ಅನುಮತಿಯಿಲ್ಲ’ ಎಂದಿದೆ. ಅಂಥ ಉತ್ತರವನ್ನು ಎಂದೂ ಕಂಡಿರದ ಪ್ರೋಗ್ರಾಂ ಹಿಂದಿನ ಬಣ್ಣವನ್ನೇ ಹಿಡಿದು ಕೂತಿದೆ. ಕೂಗು ಹೊರಟೇ ಇಲ್ಲ.

ಮಲ್ಕಾ ಮೊದಲು ಆರ್.ಟಿ. ನಗರದ ರಕ್ತನಿಧಿಗೆ ಫೋನ್ ಮಾಡುತ್ತಾರೆ. ಅಲ್ಲಿ ಓ ನೆಗೆಟಿವ್ ಇರುವುದು ಎರಡೇ ಚೀಲ. ವಾರ್ಡ್‌ಬಾಯ್ ಮೊಹಮ್ಮದ್ ಐಸ್ ಪೆಟ್ಟಿಗೆ ಕಟ್ಟಿಕೊಂಡು ಬೈಕ್ ಹತ್ತುತ್ತಾನೆ.

ಮ್ಯಾನೇಜರ್ ನಂದಕುಮಾರ್ ವಿಷಯ ಕೇಳಿಕೊಂಡು ಬರುತ್ತಾರೆ. “ಎಲ್ರಿಗೂ ಅಡ್ಮಿನ್ ಕೊಟ್ಬಿಡಮ್ಮ, ತಲೆನೋವೇ ಇರಲ್ಲ.”

“ಬೇಡ ಸಾರ್. ಯಾರ್ದೋ ಪೆನ್‌ಡ್ರೈವಲ್ಲಿ ವೈರಸ್ ಬಂದ್ರೆ ಅದೂ ಅಡ್ಮಿನ್ ಆಗುತ್ತೆ. ಕೂಗೋ ಭಾಗಕ್ಕೆ ಮಾತ್ರ ಕೊಡ್ತೀನಿ.”

“ಹಂಗಾದ್ರೆ ಅನುಮತಿ ಕೊಡ್ದೆ ಬಾಗಿಲು ಹಾಕಿದ ವಿಂಡೋಸ್‌ದು ತಪ್ಪಲ್ವಾ?”

“ಬಾಗ್ಲು ಹಾಕಿದ್ದು ಸರೀನೇ ಸಾರ್. ಹಾಕಿದೆ ಅಂತ ನನ್ ಪ್ರೋಗ್ರಾಂ ಬಾಯಿಬಿಡ್ಲಿಲ್ವಲ್ಲ, ಅದು ತಪ್ಪು. ಇನ್ಮೇಲೆ ಗೊತ್ತಿಲ್ಲ ಅಂದ್ರೂ ಕೆಂಪೇ.”

ಮಧ್ಯಾಹ್ನದ ಹೊತ್ತಿಗೆ ಶಿಲ್ಪಳಿಗೆ ಹೆಣ್ಣುಮಗು. ಮೊಹಮ್ಮದ್ ತಂದ ಎರಡು ಚೀಲವೂ ಬೇಕಾದವು. ಫ್ರಿಜ್ಜಿನಲ್ಲಿದ್ದ ಒಂಬತ್ತು ಚೀಲ, ಒಂಬತ್ತು ಜನ ಕೊಟ್ಟದ್ದು, ಸುಡುವ ಕಸಕ್ಕೆ ಹೋಯಿತು.