ಮಾವನ ಬಲಗಾಲಿನ ಸಪ್ಪಳ

ನೀಲಗಿರಿ ಎಣ್ಣೆಯ ವಾಸನೆ ಗೇಟು ದಾಟಿ ಒಳಗೆ ಬಂತೆಂದರೆ ಅದರ ಹಿಂದೆ ಒಬ್ಬ ಬಗ್ಗಿದ ಮನುಷ್ಯ ಬರುತ್ತಾನೆ ಎಂಬುದು ನಮ್ಮ ಮನೆಯ ಮಟ್ಟಿಗೆ ಖಾತ್ರಿ. ಇವತ್ತು ಬೆಳಿಗ್ಗೆ ಬಂದವರು ಹಿಂದಿನ ಓಣಿಯ ಹೆಡ್‌ಮಾಸ್ತರರು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಗೋಡೆಯ ಮೇಲೆ, ಮುಖ ನೆಲದ ಕಡೆಗೆ. ಕಳೆದುಹೋದ ಸೂಜಿ ಹುಡುಕುವವರ ಹಾಗೆ ಇದ್ದರು.

"ತಮ್ಮಾ, ಇನ್ನೂ ಬಾಯಿ ತೊಳಕೊಂಡಿಲ್ಲ ಹೌದಿಲ್ಲೊ?"

"ಇಲ್ರಿ ಸರ."

"ಛಲೋ ಆತು. ಹಂಗಾರ ಒಂದು ಒದಿ ಒದ್ದುಬಿಡು."

ನೀವು ಈ ಕಡೆಯವರಲ್ಲದಿದ್ದರೆ ಗಾಬರಿಯಾಗಬೇಡಿ. ನಾನು ಕಾಲು ಮುಂದಾಗಿ ಹುಟ್ಟಿದವನು. ಅದರಿಂದ ಅವ್ವನ ಜೀವ ಹೋಗುವುದರಲ್ಲಿತ್ತಂತೆ. ಆದರೆ ಊರಿಗೆ ಲಾಭವಾಯಿತು. ಸೊಂಟ ಹಿಡಿದವರಿಗೆ ಅಂಥವನು ಬೆಳಿಗ್ಗೆ ಬಾಯಿ ತೊಳೆಯುವ ಮುಂಚೆ, ಮಾತಾಡದೆ, ಎಡಗಾಲಿನಿಂದ ಒದ್ದರೆ ಹಿಡಿದದ್ದು ಬಿಡುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಮಾತಾಡದೆ ನಾನು ಮಾಡಿದ ಕೆಲಸ ಈ ಜೀವಮಾನದಲ್ಲಿ ಇದೊಂದೇ. ಚಿಕ್ಕಂದಿನಿಂದಲೂ ನಾನು ಹಮಾಲರನ್ನು ಒದ್ದಿದ್ದೇನೆ, ಗುಮಾಸ್ತರನ್ನು ಒದ್ದಿದ್ದೇನೆ. ಗಣಿತದಲ್ಲಿ ನನ್ನನ್ನು ಫೇಲು ಮಾಡಿದ ಮೇಷ್ಟ್ರನ್ನು ಒದ್ದಿದ್ದೇನೆ, ಮನಸ್ಸಿಟ್ಟು. ಅವರು ಎದ್ದು ನಿಂತು ನನಗೇ ಕೈ ಮುಗಿದಿದ್ದರು.

ಬಂದವರು ಹೋದ ಮೇಲೆ ನನ್ನ ಇನ್ನೊಂದು ಕಸುಬು ಶುರುವಾಗುತ್ತಿತ್ತು. ಅವರ ನಡಿಗೆ ನನ್ನ ಮೈಗೆ ಹತ್ತಿಕೊಳ್ಳುತ್ತಿತ್ತು. ಹಮಾಲ ಸೊಂಟ ಹಿಡಿದಾಗಲೂ ಬೆನ್ನ ಮೇಲೆ ಚೀಲ ಇದ್ದವನಂತೆ ನಡೆಯುತ್ತಾನೆ. ಬಸ್ಸಿನ ಕಂಡಕ್ಟರು ನಿಂತ ನೆಲವೂ ಓಡುತ್ತಿದೆಯೇನೋ ಎಂಬಂತೆ ಅಡ್ಡಡ್ಡ ಸರಿಯುತ್ತಾನೆ. ನಾನು ಅಂಗಳದಲ್ಲಿ ಹಾಗೆ ನಡೆದು ತೋರಿಸಿದರೆ ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅವ್ವ ಮಾತ್ರ ಒಳಗಿನಿಂದ, "ಅಣಕಸಬ್ಯಾಡಲೇ ಮೂಳ, ಅಂಟತೈತಿ" ಎನ್ನುತ್ತಿದ್ದಳು. ಅಂಟುತ್ತದೆಂದು ನನಗೆ ಭಯವಿರಲಿಲ್ಲ. ಭಯ ಹುಟ್ಟಿದ್ದು ಕೊಟ್ಟೂರಿನಲ್ಲಿ.

ಆಗ ನಾನು ಕೊಟ್ಟೂರಿನ ಕಾಲೇಜಿಗೆ ಹೋಗುತ್ತಿದ್ದೆ. ಉಣ್ಣುವುದು, ಮಲಗುವುದು ಸೋದರಮಾವನ ಮನೆಯಲ್ಲಿ. ಓದುವುದಕ್ಕೂ ಅಲ್ಲಿಯೇ ಜಾಗ ಕೊಟ್ಟಿದ್ದರು. ಆ ಜಾಗವನ್ನು ನಾನು ಬಹಳ ಉಪಯೋಗಿಸಲಿಲ್ಲ. ಮಾವ ಹಡಗಲಿ ದಾರಿಯ ಖಾಸಗಿ ಬಸ್ಸಿನ ಡ್ರೈವರ್. ದೊಡ್ಡ ಆಳು. ಹೊಟ್ಟೆ ಮುಂದೆ, ಹೆಗಲ ಮೇಲೆ ಟವೆಲು, ಆದರೂ ನಡೆದರೆ ಬೆಕ್ಕು ನಡೆದಷ್ಟು ಮೆತ್ತಗೆ. ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಇಟ್ಟಾಗಲೇ ನನ್ನ ಕೈಯಲ್ಲಿದ್ದ ಪುಸ್ತಕ ತಲೆಕೆಳಗಾಗಿದೆ ಎಂದು ತಿಳಿಯುತ್ತಿದ್ದದ್ದು.

ಆ ವರ್ಷ ಮಾವನಿಗೆ ಸೊಂಟ ಹಿಡಿಯಿತು. ನೋವು ಬಲಗಡೆ ಕುಂಡೆಯಿಂದ ತೊಡೆಗೆ, ತೊಡೆಯಿಂದ ಮೀನಖಂಡಕ್ಕೆ ಮಿಂಚಿನಂತೆ ಇಳಿಯುತ್ತಿತ್ತು. ಮನೆಯಲ್ಲೇ ವೈದ್ಯ ಇರುವಾಗ ಚಿಂತೆ ಯಾಕೆ? ನಾನು ಒದ್ದೆ. ಮಾವನ ಹೆಂಡತಿ, ನಮ್ಮ ಅತ್ತಿ, ಎಣ್ಣೆ ತಿಕ್ಕಿದಳು. ಕೆಲವು ವಾರ ಕಳೆದ ಮೇಲೆ ನೋವು ಇಳಿಯಿತು. "ಬಿಟ್ಟೈತಿ ನೋಡು" ಎಂದು ಮಾವ ಬಸ್‌ಸ್ಟ್ಯಾಂಡಿನಲ್ಲೆಲ್ಲ ನನ್ನ ಕಾಲಿನ ಗುಣಗಾನ ಮಾಡಿದ. ನಾನು ಕಾಲಿನ ಮೇಲೆ ಕಾಲು ಹಾಕಿಕೊಂಡು ಕೂರುವುದನ್ನು ಕಲಿತದ್ದು ಆವಾಗಲೇ.

ಒಂದು ಭಾನುವಾರ ಊಟವಾದ ಮೇಲೆ ಅತ್ತಿ, "ಏ, ನಿಮ್ಮ ಮಾವ ನಡೆಯೋದು ಮಾಡಿ ತೋರಸೋ, ಭಾಳ ದಿನ ಆತು" ಎಂದಳು. ನಾನು ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಟವೆಲು ಹಾಕಿಕೊಂಡು ಪಡಸಾಲೆಯಲ್ಲಿ ಹೊರಟೆ. ಬೆಕ್ಕಿನ ಹೆಜ್ಜೆ ಹಾಕಬೇಕೆಂದೇ ಹೊರಟದ್ದು. ಆದರೆ ಬಲಗಾಲು ತಾನಾಗಿಯೇ ಟಪ್ ಎಂದು ನೆಲಕ್ಕೆ ಬಡಿಯಿತು. ಮುಂದಿನ ಹೆಜ್ಜೆಯೂ ಟಪ್. ನಾನು ಯೋಚಿಸಿ ಮಾಡಿದ್ದಲ್ಲ. ಕಣ್ಣು ಯಾವಾಗಲೋ ಕಂಡದ್ದನ್ನು ಮೈ ಒಪ್ಪಿಸುತ್ತಿತ್ತು. ಅತ್ತಿ ಬಿದ್ದು ಬಿದ್ದು ನಕ್ಕಳು.

ಮಾವ ನಗಲಿಲ್ಲ. "ಇನ್ನೊಮ್ಮೆ ನಡಿ" ಎಂದ.

ನಡೆದೆ. ಟಪ್.

"ನಾ ಹಂಗ ನಡೀತೀನೇನಲೇ?"

"ಈಗೀಗ ಹಂಗ ಮಾವ."

ಅವನ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಸ್ವಲ್ಪ ಹೊತ್ತು ತನ್ನ ಬಲಪಾದವನ್ನು ಬೇರೆ ಯಾರದೋ ಸಾಮಾನು ಎಂಬಂತೆ ನೋಡುತ್ತ ಕೂತ. ಆಮೇಲೆ ಮೆಲ್ಲಗೆ ಹೇಳಿದ: "ನಿನ್ನೆ ಹಡಗಲಿ ದಾರ್ಯಾಗ ಕುರಿಹಿಂಡು ಅಡ್ಡ ಬಂತು. ಬ್ರೇಕ್ ತುಳದೆ ಅಂತ ತಿಳಕೊಂಡೆ. ನೋಡಿದರ ಕಾಲು ಮ್ಯಾಲ ಎದ್ದೇ ಇಲ್ಲ. ಬ್ರೇಕಿನ ಅಂಚಿಗೆ ಕಾಲಿನ ಬೆರಳು ಸಿಗಿಬಿದ್ದು ಕೆಳಗ ಉಳಿದೈತಿ. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳದು ನಿಂದರಿಸಿದೆ. ಬಸ್ ತುಂಬ ಮಂದಿ ಇದ್ರು. ಚಪ್ಪಲಿ ಜಾರಿತು ಅಂತ ನನಗ ನಾನ ಹೇಳಿಕೊಂಡೆ."

ಅತ್ತಿಯ ನಗು ಅರ್ಧಕ್ಕೇ ನಿಂತಿತು. ಹಿಡಿದದ್ದು ಬಿಟ್ಟಿದೆ ಎಂದು ನಾವೆಲ್ಲ ಸಂತೋಷಪಟ್ಟಿದ್ದೆವು. ಬಿಟ್ಟಿದ್ದು ಮಾವನ ಪಾದ.

ಮರುದಿನ ಬೆಳಿಗ್ಗೆ ಮಾವ ಪಡಸಾಲೆಯಲ್ಲಿ ಬೋರಲು ಮಲಗಿದ್ದ. "ಅಳಿಯಾ, ಒದಿ. ಈ ಸಲ ಜೋರ ಒದಿ." ಅವನ ಭಯ ನನಗೆ ಗೊತ್ತಿತ್ತು. ಬೆನ್ನಿನ ಆಪರೇಷನ್ ಮಾಡಿಸಿಕೊಂಡು ಹೋದವನು ಎರಡೂ ಕಾಲು ಕಳಕೊಂಡು ಬಂದ ಎಂಬ ಕಥೆ ಬಸ್‌ಸ್ಟ್ಯಾಂಡಿನ ಪ್ರತಿ ಚಹಾದ ಅಂಗಡಿಯಲ್ಲೂ ಸಿಗುತ್ತಿತ್ತು. ಹೋದವನು ಯಾರು, ಯಾವ ಊರಿನವನು ಎಂದು ಯಾರಿಗೂ ಗೊತ್ತಿರಲಿಲ್ಲ. ಕಾಲು ಹೋದದ್ದು ಮಾತ್ರ ಎಲ್ಲರಿಗೂ ಗೊತ್ತಿತ್ತು. ನಾನು ಎಡಗಾಲು ಎತ್ತಿದೆ. ಎತ್ತಿದ ಕಾಲು ಅಲ್ಲೇ ನಿಂತಿತು. ಆ ಬೆನ್ನಿನೊಳಗೆ ಏನೋ ಒಂದು ಎಳೆಯ ಮೇಲೆ ನಿಂತಿದೆ, ನಾನು ಮುಟ್ಟಿದರೆ ಕಡಿದುಹೋಗುತ್ತದೆ ಅನ್ನಿಸಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಅನ್ನಿಸಿತು: ಹಿಂದೆ ಒದ್ದಾಗಲೇ ಅದು ಅರ್ಧ ಕಡಿದಿದೆಯೋ ಏನೋ.

"ಒಲ್ಲೆ ಮಾವ. ಹರಪನಹಳ್ಳಿಗೆ ಹೋಗೂಣು."

ಹರಪನಹಳ್ಳಿಗೆ ವಾರಕ್ಕೊಮ್ಮೆ ದಾವಣಗೆರೆಯಿಂದ ಎಲುಬಿನ ಡಾಕ್ಟರು ಬರುತ್ತಿದ್ದರು. ಮೂವರೂ ಹೋದೆವು. ಬಸ್ಸಿನಲ್ಲಿ ಮಾವ ಪ್ರಯಾಣಿಕರ ಸೀಟಿನಲ್ಲಿ ಕೂತದ್ದನ್ನು ಅವತ್ತೇ ನೋಡಿದ್ದು. ಉದ್ದಕ್ಕೂ ಆ ಡ್ರೈವರನ ಕಾಲನ್ನೇ ನೋಡುತ್ತಿದ್ದ.

ಡಾಕ್ಟರು ಕಾಲನ್ನು ನೆಟ್ಟಗೆ ಮೇಲೆತ್ತಿದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಪಾದದ ಮೇಲೆ ಹತ್ತಿ ಆಡಿಸಿ ಗೊತ್ತಾಗುತ್ತದೆಯೇ ಎಂದು ಕೇಳಿದರು. ಹಿಮ್ಮಡಿಯ ಮೇಲೆ ನಡೆಯಿರಿ ಎಂದರು. ಎಡಗಾಲಿನ ಬೆರಳುಗಳು ಆಕಾಶ ನೋಡಿದವು. ಬಲಗಾಲಿನವು ಬಾಡಿದ ಸೊಪ್ಪಿನಂತೆ ಜೋತುಬಿದ್ದವು. "ಹೆಬ್ಬೆರಳು ಮೇಲೆತ್ತಿ, ನಾನು ತಡೀತೀನಿ" ಎಂದು ಡಾಕ್ಟರು ಒಂದು ಬೆರಳು ಇಟ್ಟರು. ತುಂಬಿದ ಬಸ್ಸನ್ನು ನಿಲ್ಲಿಸುವ ಕಾಲು ಆ ಒಂದು ಬೆರಳಿಗೆ ಸೋತಿತು.

"ಮೊದಲು ಹೆಂಗೆ ನಡೀತಿದ್ರು?"

ಅತ್ತಿ ನನ್ನನ್ನು ಮುಂದೆ ನೂಕಿದಳು. "ಇವ ಮಾಡಿ ತೋರಸ್ತಾನ ನೋಡ್ರಿ." ದವಾಖಾನೆಯ ಆ ಸಣ್ಣ ಕೋಣೆಯಲ್ಲಿ ನಾನು ಮಾವನಾಗಿ ನಡೆದೆ, ಮೊದಲು ಮೆತ್ತಗೆ, ಆಮೇಲೆ ಸಪ್ಪಳ ಮಾಡುತ್ತ. ಯಾರೂ ನಗದ ನನ್ನ ಮೊದಲ ಆಟ ಅದು.

"ಬೆನ್ನೆಲುಬಿನ ಮಧ್ಯದ ಡಿಸ್ಕು ಉಬ್ಬಿ ನರ ಒತ್ತಿದೆ" ಎಂದರು ಡಾಕ್ಟರು. "ನೋವು ಕಡಿಮೆ ಆದ್ರೆ ವಾಸಿ ಆಯ್ತು ಅಂತಲ್ಲ."

"ಆಪರೇಷನ್ ಏನ್ರಿ?" ಮಾವನ ದನಿ ಅವನದಾಗಿರಲಿಲ್ಲ. ಆ ದನಿಯನ್ನು ನಾನು ಯಾವತ್ತೂ ಅನುಕರಿಸಿಲ್ಲ.

"ಈಗ್ಲೇ ಬೇಡ. ಕಾಲು ಪೂರ್ತಿ ಬಿದ್ದಿಲ್ಲ. ಮಾತ್ರೆ, ವ್ಯಾಯಾಮ. ವಾರ ವಾರ ಬಂದು ತೋರಿಸಿ. ಬಸ್ಸು ಮುಟ್ಟಂಗಿಲ್ಲ. ಕಾಲು ಇನ್ನೂ ಇಳಿದ್ರೆ, ಉಚ್ಚೆ ಕಟ್ಟಿದ್ರೆ, ಕೂರೋ ಜಾಗ ಮರಗಟ್ಟಿದ್ರೆ ವಾರ ಕಾಯಬೇಡಿ, ಆವತ್ತೇ ದಾವಣಗೆರೆಗೆ ಬಂದುಬಿಡಿ. ಆಗ ಆಪರೇಷನ್ನೇ."

ನಾನು ಧೈರ್ಯ ಮಾಡಿ ಒದ್ದ ವಿಷಯ ಕೇಳಿದೆ. ಅವರು ನನ್ನ ಕಡ್ಡಿಕಾಲುಗಳನ್ನು ಮೇಲಿನಿಂದ ಕೆಳಗೆ ನೋಡಿದರು. "ಈ ಕಾಲಿಂದ ಆಗಿದ್ದಲ್ಲ ಬಿಡಪ್ಪ. ಆದ್ರೆ ಇನ್ನೊಂದ್ಸಲ ಒದ್ದೆ ಅಂತ ಕೇಳಿದ್ರೆ ಆ ಕಾಲಿಗೂ ನಾನೇ ಪಟ್ಟಿ ಕಟ್ಟಬೇಕಾಗ್ತದೆ."

ಆಮೇಲಿನ ವಾರಗಳಲ್ಲಿ ಆ ಮನೆ ಕಿವಿಯಾಯಿತು. ಮಾವ ಚಾಪೆಯ ಮೇಲೆ ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುತ್ತಿದ್ದ. ಕುರ್ಚಿಯ ಮೇಲೆ ಕೂತು ಪಾದ ಎತ್ತಲು ನೋಡುತ್ತಿದ್ದ, ಹಣೆಯಲ್ಲಿ ಬೆವರು. ಬಚ್ಚಲಿಗೆ ಹೋದರೆ ಅತ್ತಿ ಬಾಗಿಲ ಹೊರಗೆ ನಿಂತು "ಆತೇನ್ರಿ?" ಎನ್ನುವಳು. ಒಳಗಿನಿಂದ "ಆಗಾಕ ಬಿಡು ಮಾರಾಯ್ತಿ" ಎಂದು ಬೈಗುಳ ಬಂದರೆ ನಮಗೆ ಸಮಾಧಾನ. ನೋಡಲು ಬಂದವರು ಹಣ್ಣಿನ ಜೊತೆಗೆ ಒಬ್ಬೊಬ್ಬರು ಒಂದೊಂದು ಕಾಲು ಹೋದ ಕಥೆ ತರುತ್ತಿದ್ದರು. ಅವರು ಹೋದ ಮೇಲೆ ನಾನು ಅವರನ್ನು ಅನುಕರಿಸಲಿಲ್ಲ. ಒಬ್ಬನೇ ಇದ್ದಾಗ ನನ್ನ ಬಲ ಹೆಬ್ಬೆರಳನ್ನು ಎತ್ತಿ ನೋಡಿಕೊಳ್ಳುತ್ತಿದ್ದೆ. ಅಣಕಿಸಿದ್ದು ಅಂಟುತ್ತದೆಂದು ಅವ್ವ ಹೇಳಿದ್ದಳಲ್ಲ.

ಓದುವ ಹೊತ್ತಿನಲ್ಲಿ ಒಳಕೋಣೆಯಿಂದ ಟಪ್ ಎಂದು ಕೇಳಿಸುತ್ತಿತ್ತು. ಪ್ರತಿ ಟಪ್ಪಿಗೂ ಓದುತ್ತಿದ್ದ ಸಾಲು ತಪ್ಪುತ್ತಿತ್ತು. ಆದರೂ ಆ ಸಪ್ಪಳವೇ ಮಾವ ನಡೆಯುತ್ತಿದ್ದಾನೆ ಎಂಬುದಕ್ಕೆ ಗುರುತು.

ಒಂದು ಮಧ್ಯಾಹ್ನ ಸಪ್ಪಳ ನಿಂತಿತು. ಕಾದೆ. ಇಲ್ಲ. ಮಾವ ಎದ್ದದ್ದು, ಚಾಪೆ ಸರಿಸಿದ್ದು ಕೇಳಿಸಿತ್ತು. ಆಮೇಲೆ ಏನೂ ಇಲ್ಲ. ಬಿದ್ದಿದ್ದಾನೆ ಎಂದುಕೊಂಡೆ. ಎದ್ದು ಓಡಬೇಕೆನ್ನುವಷ್ಟರಲ್ಲಿ ಹೆಗಲ ಮೇಲೆ ಒಂದು ಕೈ ಬಿತ್ತು. ನಾನು ಚೀರಿದೆ.

"ಪುಸ್ತಕ ತಲಿಕೆಳಗ ಹಿಡಿದಿಯಲ್ಲೋ ಅಳಿಯಾ" ಎಂದ ಮಾವ. ಒಳಕೋಣೆಯಿಂದ ಪಡಸಾಲೆಯವರೆಗೆ ಬೆಕ್ಕಿನಂತೆ ಬಂದಿದ್ದ. ಅವನ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲಿದ್ದದ್ದನ್ನು ನಾನು ಇಲ್ಲಿ ಹೇಳುವುದಿಲ್ಲ.

ಹೆಬ್ಬೆರಳು ಡಾಕ್ಟರ ಬೆರಳನ್ನು ಗೆಲ್ಲಲು ಇನ್ನೂ ತಿಂಗಳುಗಳು ಹಿಡಿದವು. ಅವರು ಹೂಂ ಎಂದ ಮೇಲೆಯೇ ಮಾವ ಬಸ್ಸು ಹತ್ತಿದ. ಮೊದಲ ದಿನ ಹಡಗಲಿಯವರೆಗೆ ನಾನು ಎಂಜಿನಿನ ಪಕ್ಕ ಕೂತು ಅವನ ಪಾದ ನೋಡುತ್ತಿದ್ದೆ. "ಮುಂದ ರಸ್ತೆ ನೋಡಲೇ, ಚೆಂದ ಐತಿ" ಎಂದ. ನಾನು ನೋಡಲಿಲ್ಲ.

ಇಲ್ಲಿ ಹೆಡ್‌ಮಾಸ್ತರರು ಇನ್ನೂ ಗೋಡೆ ಹಿಡಿದು ನಿಂತಿದ್ದಾರೆ.

"ಸರ, ಆ ಗೇಟಿನ ತನಕ ಒಮ್ಮೆ ನಡೀರಿ."

"ಯಾಕಪ, ಅಣಕಸಾಕ?"

"ಅಲ್ರಿ, ಕೇಳಾಕ."

ಅವರು ನಡೆದರು. ನಾನು ಕಣ್ಣು ಮುಚ್ಚಿದೆ. ಬಲ, ಎಡ, ಬಲ, ಎಡ. ಎರಡಕ್ಕೂ ಒಂದೇ ದನಿ. ಆದರೂ ಇನ್ನೊಮ್ಮೆ ನಡೆಸಿದೆ. ಹಿಮ್ಮಡಿಯ ಮೇಲೂ ನಡೆಸಿದೆ. ಅವರು ಬೈದುಕೊಳ್ಳುತ್ತಲೇ ನಡೆದು ಬಂದು ಬೆನ್ನು ಕೊಟ್ಟು ನಿಂತರು. ನಾನು ಎಡಪಾದವನ್ನು ಅವರ ಸೊಂಟಕ್ಕೆ ನೊಣ ಕೂತಷ್ಟು ಮೆಲ್ಲಗೆ ತಾಗಿಸಿದೆ.

"ಇಷ್ಟೇ ಏನಲೇ?"

"ಇಷ್ಟ ರೀ. ನೋವು ಹೋದರೂ ನಾಳೆ ಬಂದು ಒಮ್ಮೆ ನಡದು ಹೋಗ್ರಿ."